ಕನ್ನಡದಲ್ಲಿ ದೂರು ಬರೆದರೆ ಯಾರೂ ಓದುವುದಿಲ್ಲವಾ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು. ಸರ್ಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ವರಮಾನ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದೆ. ಏನಾಯಿತು ಅಂತ ಕೇಳಲು ವಿಲೇಜ್ ಆಫೀಸಿಗೆ ಹೋದಾಗ ಕನ್ನಡದಲ್ಲಿ ಮಾತಾಡಿದೆ. ಅಲ್ಲಿನ ಸಿಬ್ಬಂದಿ ಎಲ್ಲರ ಎದುರು ಗದರಿಸಿ, ಮಲಯಾಳ ಕಲಿತು ಬನ್ನಿ ಎಂದು ಕಳಿಸಿದರು. ನನ್ನ ನಂತರ ಬಂದವರ ಕೆಲಸ ಅಲ್ಲೇ ಆಯಿತು. ದೂರು ಕೊಡಬಹುದಾ? ಕೊಡುವುದಾದರೆ ಮಲಯಾಳದಲ್ಲೇ ಬರೆಸಬೇಕಲ್ವಾ?

ಉತ್ತರ: ದೂರು ಖಂಡಿತ ಕೊಡಬಹುದು. ಮಲಯಾಳದಲ್ಲಿ ಬರೆಸಬೇಕಾಗಿಲ್ಲ. ಈ ಎರಡನೇ ಮಾತನ್ನು ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಕೂತು ಪೂರ್ತಿ ಹೇಳುತ್ತೇನೆ.

ಮೊದಲು ಸಂವಿಧಾನ. ಅದರ 350ನೇ ವಿಧಿ ಓದಿ, ತುಂಬ ಚಿಕ್ಕದು. ಯಾವುದೇ ಕುಂದುಕೊರತೆಗೆ ಪರಿಹಾರ ಕೇಳಿ, ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಅಲ್ಲಿದೆ. ರಾಜ್ಯದ ಆಡಳಿತ ಭಾಷೆಯಲ್ಲೇ ಕೊಡಬೇಕು ಎಂಬ ಮಾತು ಅದರಲ್ಲಿ ಇಲ್ಲವೇ ಇಲ್ಲ.

ಇನ್ನು ಕೇರಳದ್ದೇ ಕಾನೂನು. 1969ರ ಆಡಳಿತ ಭಾಷೆಗಳ ಕಾಯ್ದೆಯನ್ನು ಜನ ಅರ್ಧ ಮಾತ್ರ ಕೇಳಿದ್ದಾರೆ. ಮಲಯಾಳ ಮತ್ತು ಇಂಗ್ಲಿಷ್ ಆಡಳಿತ ಭಾಷೆಗಳು ಎಂಬುದು ಆ ಅರ್ಧ. ಅದೇ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ಮಾತೂ ಇದೆ. ಅವರು ಸೆಕ್ರೆಟರಿಯೇಟಿಗೆ, ಇಲಾಖೆಗಳ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳು ಅಂಥ ಪ್ರದೇಶವೇ. ಕನ್ನಡದಲ್ಲಿ ಬರೆಯುವಾಗ ನಾವು ಯಾರ ದಯೆಯನ್ನೂ ಕೇಳುತ್ತಿಲ್ಲ. 1956ರ ನವೆಂಬರ್ 1ರಂದು ಗಡಿ ಆಚೀಚೆ ಆದಾಗ ಇಲ್ಲಿನವರು ಭಾಷೆ ಬಿಟ್ಟುಕೊಟ್ಟು ಕೇರಳಕ್ಕೆ ಸೇರಿದ್ದಲ್ಲ.

ಹಾಗಿದ್ದರೆ ಈ ತಪ್ಪು ನಂಬಿಕೆ ಯಾಕೆ ಸಾಯುವುದಿಲ್ಲ? ಕೌಂಟರಿನಲ್ಲಿ ಕೂತವರಿಗೆ ಕನ್ನಡ ಓದಲು ಬರುವುದಿಲ್ಲ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದವರಿಗೆ ಎಷ್ಟೋ ಸಲ ಈ ಕಾಯ್ದೆಯೇ ಗೊತ್ತಿರುವುದಿಲ್ಲ. 'ಮಲಯಾಳದಲ್ಲಿ ಬರೆದು ತನ್ನಿ' ಎಂದು ಬಾಯಲ್ಲಿ ಹೇಳುತ್ತಾರೆ. ನಾವು ತಲೆಯಾಡಿಸಿ ಹೊರಗೆ ಬಂದು ಯಾರಿಂದಲೋ ಬರೆಸುತ್ತೇವೆ. ಒಬ್ಬರು ಹಾಗೆ ಮಾಡಿದ್ದನ್ನು ನೋಡಿ ಇನ್ನೊಬ್ಬರು. ಕೊನೆಗೆ ಅದೇ ನಿಯಮ ಅಂತಾಗಿಬಿಡುತ್ತದೆ. ಒಂದು ಕೆಲಸ ಮಾಡಿ. 'ಕನ್ನಡದ ದೂರು ತೆಗೆದುಕೊಳ್ಳುವುದಿಲ್ಲ ಎಂದು ಇದರ ಮೇಲೆಯೇ ಬರೆದು ಸಹಿ ಹಾಕಿ ಕೊಡಿ' ಎಂದು ಮರ್ಯಾದೆಯಿಂದ ಕೇಳಿ. ಬರೆದುಕೊಟ್ಟವರನ್ನು ನಾನಂತೂ ನೋಡಿಲ್ಲ. ಹಾಗೆ ಬರೆಯಲು ಆಧಾರವಾಗಿ ಯಾವ ನಿಯಮವೂ ಇಲ್ಲ. ಆಮೇಲೂ ತೆಗೆದುಕೊಳ್ಳದಿದ್ದರೆ ಜಗಳ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಬರೆಸಿದರೆ ನಷ್ಟವೇನು ಅಂತ ಕೇಳುತ್ತೀರಿ. ನಷ್ಟ ದೊಡ್ಡದೇ. ನಿಮಗೆ ಮಲಯಾಳ ಓದಲು ಬರದಿದ್ದರೆ, ಓದಲಾಗದ ಕಾಗದಕ್ಕೆ ನೀವು ಸಹಿ ಹಾಕುತ್ತಿದ್ದೀರಿ. ಬರೆದುಕೊಡುವವರು ಕೆಟ್ಟವರೇನಲ್ಲ, ಆದರೆ ಅವರಿಗೆ ಒಂದೇ ನಮೂನೆ ಅಭ್ಯಾಸ. 'ಅರ್ಜಿ ಕೊಟ್ಟಿದ್ದೇನೆ, ಸರ್ಟಿಫಿಕೇಟ್ ಸಿಗಲಿಲ್ಲ, ದಯವಿಟ್ಟು ಕೊಡಿಸಿ.' ನಿಮ್ಮನ್ನು ಗದರಿಸಿದ್ದು, ಹಿಂದೆ ನಿಂತವರ ಕೆಲಸ ಮೊದಲು ಮಾಡಿದ್ದು, ಯಾವುದೂ ಅದರಲ್ಲಿ ಇರುವುದಿಲ್ಲ. ಸರ್ಟಿಫಿಕೇಟ್ ಬರುತ್ತದೆ, ದೂರು ಮುಗಿಯಿತು ಎಂದು ಫೈಲ್ ಮುಚ್ಚುತ್ತಾರೆ. ಇನ್ನೂ ಕೆಟ್ಟದ್ದು, ಬರೆಯುವವರು ಸ್ವಲ್ಪ ಖಾರ ಸೇರಿಸಿದರೆ ವಿಚಾರಣೆಯ ದಿನ ನಿಮ್ಮ ಬಾಯಿಮಾತು ಒಂದು, ಕಾಗದ ಇನ್ನೊಂದು ಆಗುತ್ತದೆ. ಅಲ್ಲಿಗೆ ದೂರಿನ ಬಲ ಹೋಯಿತು. ಬೇಗ ಆಗಲಿ ಅಂತಿದ್ದರೆ ಮಲಯಾಳ ಅನುವಾದವನ್ನು ಜೊತೆಗೆ ಲಗತ್ತಿಸಿ, ತಪ್ಪಿಲ್ಲ. ಮೂಲ ಕನ್ನಡದ್ದೇ ಇರಲಿ, ಸಹಿ ಅದಕ್ಕೇ ಇರಲಿ.

ಈಗ ದೂರಿನ ಒಳಗೆ ಏನಿರಬೇಕು? ಎರಡು ಕಾಗದ ಮಾಡಿ. ಸರ್ಟಿಫಿಕೇಟ್ ತಡವಾದದ್ದು ಒಂದು ವಿಷಯ. ಅದಕ್ಕೆ ಕೇರಳದ 2012ರ ಸೇವಾ ಹಕ್ಕು ಕಾಯ್ದೆಯಲ್ಲಿ ಅಪೀಲಿನ ದಾರಿ ಬೇರೆ ಇದೆ. ನಿಮ್ಮನ್ನು ನಡೆಸಿಕೊಂಡ ರೀತಿ ಇನ್ನೊಂದು ವಿಷಯ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರುತ್ತದೆ.

ನಡವಳಿಕೆಯ ದೂರಿನಲ್ಲಿ ದಿನ, ಹೊತ್ತು, ಯಾವ ಸೀಟಿನವರು ಎಂದು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಅವರು ಮಲಯಾಳದಲ್ಲಿ ಏನು ಹೇಳಿದರೋ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. 'ಅವಮಾನ ಮಾಡಿದರು' ಅಂತ ಬರೆದರೆ ಅದು ನಿಮ್ಮ ಅಭಿಪ್ರಾಯ. ಅವರ ಮಾತನ್ನೇ ಬರೆದರೆ ಅದಕ್ಕೆ ಅವರು ಉತ್ತರ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ನಿಮ್ಮ ನಂತರ ಬಂದವರ ವಿಷಯ. ತಾರತಮ್ಯ ಗೊತ್ತಾಗುವುದು ಹೋಲಿಸಿದಾಗಲೇ. ಅದೇ ಕೆಲಸ, ಅದೇ ಕಾಗದ, ಅವರಿಗೆ ಆಯಿತು, ನಿಮಗೆ ಆಗಲಿಲ್ಲ ಎಂಬುದೇ ದೂರಿನ ಜೀವ. ಹತ್ತಿರ ಇದ್ದವರಲ್ಲಿ ಒಬ್ಬರು ಸಾಕ್ಷಿ ಹೇಳಲು ಒಪ್ಪಿದರೆ ಅವರ ಹೆಸರು ಹಾಕಿ. ಹಳೆಯ ಸಿಟ್ಟೆಲ್ಲ ಸುಮ್ನೆ ತುಂಬಿಸಬೇಡಿ. 'ಕೆಲಸದಿಂದ ತೆಗೆಯಿರಿ' ಎಂದೂ ಬೇಡ, 'ವಿಚಾರಣೆ ಮಾಡಿ ಕ್ರಮದ ವಿವರ ತಿಳಿಸಿ' ಎಂದು ಕೇಳಿ.

ಇಲ್ಲಿ ಒಂದು ಎಚ್ಚರಿಕೆ. ಆ ಸಿಬ್ಬಂದಿಗೆ ಕನ್ನಡ ಬರುವುದಿಲ್ಲ ಎಂಬುದು ಅವರ ತಪ್ಪಲ್ಲ. ಕನ್ನಡ ಬಲ್ಲವರಿಗೆಂದೇ ಇರುವ ಕೆಲವು ಹುದ್ದೆಗಳನ್ನು ಕೇರಳ ಪಿಎಸ್‌ಸಿ, ಅಂದರೆ ಲೋಕಸೇವಾ ಆಯೋಗ, ತುಂಬುತ್ತದೆ. ಅಂಥವರು ನಿಮ್ಮ ಕಚೇರಿಯಲ್ಲಿ ಇಲ್ಲದಿದ್ದರೆ ಆ ದೂರು ಸರ್ಕಾರದ ಮೇಲೆ, ವಿದ್ಯಾನಗರದ ಕಲೆಕ್ಟರೇಟಿಗೆ ಪ್ರತ್ಯೇಕವಾಗಿ ಹೋಗಬೇಕು. ಭಾಷೆ ಬಾರದಿರುವುದು ಬೇರೆ, ಭಾಷೆಗಾಗಿ ಕೀಳಾಗಿ ಕಾಣುವುದು ಬೇರೆ.

ಕೊಡುವುದು ಯಾರಿಗೆ? ಕಚೇರಿಯ ಮುಖ್ಯಸ್ಥರಿಗೆ. ದೂರು ಅವರ ಮೇಲೆಯೇ ಆದರೆ ಮೇಲಿನವರಿಗೆ, ಅಂದರೆ ವಿಲೇಜ್ ಆಫೀಸರ್ ಮೇಲೆ ಆದರೆ ತಹಶೀಲ್ದಾರರಿಗೆ. ಸಿಬ್ಬಂದಿಯಿಂದ ವಿವರಣೆ ಕೇಳುತ್ತಾರೆ. ತಪ್ಪು ಕಂಡರೆ ಕೇರಳ ಸಿವಿಲ್ ಸೇವಾ ನಿಯಮಗಳ ಪ್ರಕಾರ ಛೀಮಾರಿಯಿಂದ ಹಿಡಿದು ಇನ್‌ಕ್ರಿಮೆಂಟ್ ತಡೆಯುವವರೆಗೆ, ಗಂಭೀರವಾದರೆ ಇನ್ನೂ ಮೇಲಕ್ಕೆ ಶಿಕ್ಷೆ ಇದೆ. ಏನೂ ಸುದ್ದಿ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಆ ಒಂದು ಅರ್ಜಿಯನ್ನು ಮಾತ್ರ ಇಂಗ್ಲಿಷಿನಲ್ಲಿ ಹಾಕಿದರೆ ತಕರಾರಿಲ್ಲ, ಯಾಕೆಂದರೆ ಆ ಕಾಯ್ದೆಯ ಭಾಷಾ ನಿಯಮವೇ ಬೇರೆ. ರಾಜ್ಯ ಮಾನವ ಹಕ್ಕು ಆಯೋಗಕ್ಕೂ ಹೋಗಬಹುದು, ಘಟನೆ ನಡೆದ ಒಂದು ವರ್ಷದ ಒಳಗೆ. ಜಾತಿ ಹೆಸರಿಟ್ಟು ಹೀಯಾಳಿಸಿದ್ದರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, ಕಚೇರಿಯ ದೂರಿಗಾಗಿ ಕಾಯಬೇಡಿ. ಪರಿಶಿಷ್ಟ ಪಂಗಡದ ನಮ್ಮ ಕೊರಗ ಬಂಧುಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ನೇರ ಪೊಲೀಸ್ ಸ್ಟೇಷನ್. 2018ರ ತಿದ್ದುಪಡಿಯ ನಂತರ ಎಫ್‌ಐಆರ್ ದಾಖಲಿಸಲು ಮೊದಲೊಂದು ವಿಚಾರಣೆ ಮಾಡಬೇಕಾಗಿಯೂ ಇಲ್ಲ.

ಇಷ್ಟು ಹೇಳುವಾಗ ಯಾರೂ ಕೇಳದ ಒಂದು ವಿಷಯ ನೆನಪಾಗುತ್ತದೆ. ವರ್ಕಾಡಿ, ಪೈವಳಿಕೆ ಕಡೆ ಮನೆಮಾತು ತುಳು. ತುಳುವಿನಲ್ಲಿ ದೂರು ಬರೆಯಬಹುದಾ? 350ನೇ ವಿಧಿಯನ್ನು ಮತ್ತೆ ನೋಡಿ. ಸಂವಿಧಾನದ ಎಂಟನೇ ಪರಿಚ್ಛೇದದ ಪಟ್ಟಿಯಲ್ಲಿರುವ ಭಾಷೆ ಎಂದು ಅಲ್ಲಿಲ್ಲ, ಬಳಕೆಯಲ್ಲಿರುವ ಭಾಷೆ ಎಂದಿದೆ. ತುಳು ಇಲ್ಲಿ ದಿನಾ ಬಳಕೆಯಲ್ಲಿದೆ, ಹಾಗಾಗಿ ಆ ಹಕ್ಕು ತುಳುವರಿಗೂ ಇದೆ. ಆದರೆ ಅದೇ ಭಾಷೆಯಲ್ಲಿ ಉತ್ತರ ಬರಬೇಕು ಎಂಬ 1969ರ ಕಾಯ್ದೆಯ ಮಾತು ಕನ್ನಡ ಮತ್ತು ತಮಿಳಿಗೆ ಮಾತ್ರ. ಆದ್ದರಿಂದ ಸದ್ಯಕ್ಕೆ ಅರ್ಜಿ ಕನ್ನಡದಲ್ಲಿ ಬರೆಯಿರಿ, ನಡೆದ ಮಾತುಕತೆ ತುಳುವಿನಲ್ಲಿ ಆಗಿದ್ದರೆ ಆ ಸಾಲುಗಳನ್ನು ತುಳುವಿನಲ್ಲೇ ಹಾಕಿ. ವಿಚಾರಣೆಗೆ ಕರೆದಾಗ ಹೇಳಿಕೆಯನ್ನೂ ತುಳುವಿನಲ್ಲೇ ಕೊಡುತ್ತೇನೆ ಎಂದು ದೂರಿನ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಭಾಷೆ ಬಲ್ಲವರನ್ನು ಕರೆಸಲು ಅವರಿಗೆ ಸಮಯ ಸಿಗುತ್ತದೆ.