ಸದ್ದು ಹೋದಾಗ ರೀಸ್ಟಾರ್ಟ್ ಒತ್ತಬೇಡಿ

ಕಂಪ್ಯೂಟರಿನ ಸೌಂಡ್ ಪೂರ್ತಿ ಕೆಟ್ಟಿದ್ದರೆ ನಮ್ಮಂಥ ರಿಪೇರಿಯವರಿಗೆ ಕೆಲಸ ಸುಲಭ. ತಲೆ ತಿನ್ನುವುದು "ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಬರಲ್ಲ" ಅನ್ನುವ ಕೇಸು. ಮನೆಗೆ ಹೋಗಿ ನೋಡಿದರೆ ಸೌಂಡ್ ಚೆನ್ನಾಗಿಯೇ ಬರುತ್ತಿರುತ್ತದೆ. "ನೀವು ಬಂದ ತಕ್ಷಣ ಸರಿಹೋಯ್ತು ನೋಡಿ" ಎಂದು ಮನೆಯವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಾನು ಬರುವಷ್ಟರಲ್ಲಿ ಅವರು ಹೇಗೂ ರೀಸ್ಟಾರ್ಟ್ ಮಾಡಿ ಮುಗಿಸಿರುತ್ತಾರೆ. ಅಲ್ಲಿಗೆ ಸಾಕ್ಷಿಯೆಲ್ಲ ಅಳಿಸಿಹೋಯಿತು.

ಅದಕ್ಕೇ ಹೇಳುವುದು, ಸದ್ದು ನಿಂತಾಗ ಕಂಪ್ಯೂಟರನ್ನು ಹಾಗೇ ಬಿಡಿ. ಹಾಡೋ ವಿಡಿಯೋನೋ ಓಡುತ್ತಾ ಇರಲಿ. ಮ್ಯೂಟ್ ಆಗಿಲ್ಲ, ಸ್ಪೀಕರಿನ ದೀಪ ಉರಿಯುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಿ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪುಟ್ಟ ಬಾಕ್ಸಿನಲ್ಲಿ ಎಂ, ಎಂ, ಎಸ್, ವೈ, ಎಸ್, ಒಂದು ಚುಕ್ಕಿ, ಸಿ, ಪಿ, ಎಲ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ಹಳೇ ಕಾಲದ ಸೌಂಡ್ ವಿಂಡೋ ತೆರೆದುಕೊಳ್ಳುತ್ತದೆ. ವಿಂಡೋಸ್ 10ರಲ್ಲೂ ಇದೆ, 11ರಲ್ಲೂ ಇದೆ. ಅದರ ಪ್ಲೇಬ್ಯಾಕ್ ಟ್ಯಾಬಿನಲ್ಲಿ ಪ್ರತಿ ಸಾಧನದ ಪಕ್ಕ ಸಣ್ಣ ಮೀಟರ್ ಇರುತ್ತದೆ. ಸದ್ದು ಯಾವ ಕಡೆ ಹರಿಯುತ್ತಿದೆಯೋ ಆ ಮೀಟರ್ ಹಸಿರಾಗಿ ಏರಿಳಿಯುತ್ತದೆ.

ನನ್ನ ಪ್ರಕಾರ ಮನೆ ಕಂಪ್ಯೂಟರಿನ ಸೌಂಡ್ ಪತ್ತೆದಾರಿಯಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹಸಿರು ಬೇರೆ ಯಾವುದೋ ಸಾಧನದ ಪಕ್ಕ ಕುಣಿಯುತ್ತಿರಬಹುದು. ನಿಮ್ಮ ಸ್ಪೀಕರಿನ ಪಕ್ಕವೇ ಕುಣಿಯುತ್ತಿದ್ದೂ ಕಿವಿಗೆ ಏನೂ ಕೇಳಿಸದೇ ಇರಬಹುದು. ಅಥವಾ ಎಲ್ಲೂ ಕುಣಿಯದೇ ಇರಬಹುದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಬೇರೆ ಸಾಧನದ ಪಕ್ಕ ಕುಣಿಯುತ್ತಿದ್ದರೆ ನಿಟ್ಟುಸಿರು ಬಿಡಿ, ಏನೂ ಕೆಟ್ಟಿಲ್ಲ. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಸದ್ದನ್ನೂ ಒಯ್ಯುತ್ತದೆ. ಡಿಸ್‌ಪ್ಲೇಪೋರ್ಟ್ ಕೂಡ ಅಷ್ಟೇ. ಹಾಗಾಗಿ ಮಾನಿಟರ್ ಕೂಡ ವಿಂಡೋಸ್ ಕಣ್ಣಿಗೆ ಒಂದು ಸ್ಪೀಕರ್. ಅದರೊಳಗೆ ಸ್ಪೀಕರೇ ಇಲ್ಲದಿರಬಹುದು, ಹೆಡ್‌ಫೋನ್ ತೂತು ಮಾತ್ರ ಇರಬಹುದು, ವಿಂಡೋಸಿಗೆ ಅದು ಗೊತ್ತಾಗುವುದಿಲ್ಲ. ಮಾನಿಟರ್ ನಿದ್ದೆಗೆ ಜಾರಿದಾಗ ಆ ಸಾಧನ ಪಟ್ಟಿಯಿಂದ ಮಾಯವಾಗುವುದುಂಟು. ಎದ್ದಾಗ ಹೊಸ ಅತಿಥಿಯ ಹಾಗೆ ವಾಪಸ್ ಬರುತ್ತದೆ. ಹೊಸದಾಗಿ ಬಂದವರಿಗೆ ವಿಂಡೋಸ್ ಕೆಲವೊಮ್ಮೆ ಮಣೆ ಹಾಕಿಬಿಡುತ್ತದೆ. "ಕಾಫಿ ಕುಡಿದು ಬರೋಷ್ಟರಲ್ಲಿ ಸೌಂಡ್ ಹೋಗಿತ್ತು" ಅನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದೇ ಇದನ್ನು. ಪಟ್ಟಿಯಲ್ಲಿ ಮಾನಿಟರಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ನಿಮ್ಮ ಸ್ಪೀಕರನ್ನು ಡೀಫಾಲ್ಟ್ ಮಾಡಿ. ಟಿವಿಗೆ ಜೋಡಿಸಿ ಸಿನಿಮಾ ನೋಡುವವರು ಮಾತ್ರ ಡಿಸೇಬಲ್ ಮಾಡುವ ಮೊದಲು ಯೋಚಿಸಿ. ಆಮೇಲೆ ಟಿವಿಯಲ್ಲಿ ಸೌಂಡ್ ಬರಲ್ಲ ಅಂತ ಮತ್ತೆ ಫೋನ್ ಬರುತ್ತದೆ.

ಹಸಿರು ನಿಮ್ಮ ಸ್ಪೀಕರಿನ ಪಕ್ಕವೇ ಕುಣಿಯುತ್ತಿದೆ, ಆದರೆ ಮೌನ. ಇಲ್ಲಿ ವಿಂಡೋಸ್ ತನ್ನ ಪಾಲಿನ ಕೆಲಸ ಮಾಡಿ ಮುಗಿಸಿದೆ. ಮುಂದಿನ ದಾರಿಯಲ್ಲಿ, ಅಂದರೆ ಬೋರ್ಡಿನ ಮೇಲಿನ ಸೌಂಡ್ ಚಿಪ್ಪು, ಜಾಕು, ವೈರು, ಸ್ಪೀಕರಿನಲ್ಲಿ ಎಲ್ಲೋ ತಡೆ ಇದೆ. ಫಾರ್ಮ್ಯಾಟ್ ಮಾಡಿಸಲು ಹೊರಡುವವರು ಇಲ್ಲೇ ಒಂದು ನಿಮಿಷ ನಿಲ್ಲಿ.

ಶಿವಮೊಗ್ಗದ ಒಬ್ಬ ನಿವೃತ್ತ ಮೇಷ್ಟ್ರ ಮನೆಯದು ಇಂಥದೇ ಕೇಸು. ಡೆಸ್ಕ್‌ಟಾಪ್, ಹಿಂದಿನ ಹಸಿರು ಜಾಕಿಗೆ ಸ್ಪೀಕರ್. "ಯಾವಾಗ ಹೋಗುತ್ತೆ ಮೇಷ್ಟ್ರೇ?" ಎಂದೆ. "ಬೆಳಿಗ್ಗೆ ಎಲ್ಲ ಚೆನ್ನಾಗಿರುತ್ತೆ. ಸಂಜೆ ಜಾಸ್ತಿ." ಸಂಜೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದೆ. ಮೊಮ್ಮಗ. ಅವನು ಗೇಮ್ ಆಡುತ್ತಾ ಕಾಲು ಅಲ್ಲಾಡಿಸುತ್ತಾನೆ, ಕ್ಯಾಬಿನೆಟ್ ಮೇಜಿನ ಕೆಳಗೆ, ಅವನ ಮೊಣಕಾಲಿನ ಪಕ್ಕವೇ. ಮುಂಭಾಗದ ಹೆಡ್‌ಫೋನ್ ಜಾಕನ್ನು ನಾನು ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಸ್ಪೀಕರ್ ಗಪ್‌ಚುಪ್. ಬೆರಳು ತೆಗೆದೆ, ಹಾಡು ವಾಪಸ್. "ಅರೇ!" ಎಂದರು ಮೇಷ್ಟ್ರು. ನಡುವೆ ಪರದೆಯ ಮೂಲೆಯಲ್ಲಿ ಜಾಕಿಗೆ ಏನೋ ಚುಚ್ಚಿದ್ದೀರಿ ಎಂಬ ಸಂದೇಶ ಬಂದು ಹೋಯಿತು. ಅದು ಆಗಾಗ ಬರುತ್ತಿತ್ತಂತೆ, ಯಾರೂ ಗಮನ ಕೊಟ್ಟಿರಲಿಲ್ಲ.

ಆಗುವುದು ಇಷ್ಟೇ. ಜಾಕಿನ ಒಳಗೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಪಿನ್ ಒಳಗೆ ಹೋದಾಗ ಅದು ಚಿಪ್ಪಿಗೆ ಸುದ್ದಿ ಮುಟ್ಟಿಸುತ್ತದೆ, ಚಿಪ್ಪು ಹಿಂದಿನ ಸ್ಪೀಕರಿನ ಬಾಯಿ ಮುಚ್ಚಿಸುತ್ತದೆ. ಹೆಡ್‌ಫೋನ್ ಎಳೆದೆಳೆದು ಜಾಕು ಸಡಿಲವಾದರೆ ಪಿನ್ ಇಲ್ಲದಿದ್ದರೂ ಸುಳ್ಳು ಸುದ್ದಿ ಹೋಗುತ್ತದೆ. ಪರೀಕ್ಷೆ ಮಾಡಬೇಕೆಂದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ ಬಾಗಿಲು ತೆಗೆಯಿರಿ. ಮುಂಭಾಗದ ಜಾಕಿನಿಂದ ಮದರ್‌ಬೋರ್ಡಿಗೆ ಬರುವ ಆಡಿಯೋ ಕೇಬಲನ್ನು ಕಿತ್ತು ಬಿಡಿ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಆ ಕೇಬಲಿಗೆ ಎರಡು ತಲೆ ಇರುತ್ತವೆ. ಒಂದರ ಮೇಲೆ ಎಚ್‌ಡಿ ಆಡಿಯೋ ಎಂದಿರುತ್ತದೆ, ಇನ್ನೊಂದರ ಮೇಲೆ ಎಸಿ 97. ಎಸಿ 97 ಎಂಬುದು 1997ರ ಪದ್ಧತಿ, ಎಚ್‌ಡಿ ಆಡಿಯೋ 2004ರದ್ದು. ಈಗಿನ ಬೋರ್ಡಿಗೆ ಎಸಿ 97 ತಲೆ ಚುಚ್ಚಿದ್ದರೆ ಜಾಕಿನ ಲೆಕ್ಕಾಚಾರವೇ ಕೆಡುತ್ತದೆ. ಅದನ್ನೂ ನೋಡಿಕೊಳ್ಳಿ. ಕೇಬಲ್ ಕಿತ್ತ ಮೇಲೆ ಸದ್ದು ಹೋಗುವುದು ನಿಂತರೆ ಕಳ್ಳ ಸಿಕ್ಕ ಹಾಗೆ. ಮೇಷ್ಟ್ರ ಮನೆಯಲ್ಲಿ ಕಿತ್ತದ್ದನ್ನು ಹಾಗೇ ಬಿಟ್ಟೆವು. ಮೊಮ್ಮಗನಿಗೆ ಯುಎಸ್‌ಬಿ ಹೆಡ್‌ಸೆಟ್ ಬಂತು.

ನಮ್ಮ ಮಲೆನಾಡಿನ ಕಡೆ ಇನ್ನೊಂದು ಕಾಟವಿದೆ. ಮಳೆಗಾಲದ ತೇವಕ್ಕೆ ಪಿನ್ನುಗಳು ಮಂಕಾಗುತ್ತವೆ, ಒಂದು ಕಡೆಯ ಸ್ಪೀಕರ್ ಮಾತ್ರ ಬರುತ್ತದೆ, ತಿರುಗಿಸಿದರೆ ಕರಕರ. ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ಪಿನ್ ಒರೆಸಿ, ಒಣಗಿದ ಮೇಲೆ ಹಾಕಿ. ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ. ಹಚ್ಚಿದವರನ್ನು ನೋಡಿದ್ದೇನೆ.

ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಸ್ಪೀಕರ್ ಗುಂಯ್ ಎನ್ನುತ್ತದೆಯೇ? ಕಂಪ್ಯೂಟರ್ ಬಿಚ್ಚಬೇಡಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟೇ ಒರಟು, ಆ ಒರಟುತನ ಸ್ಪೀಕರಿಗೆ ಇಳಿಯುತ್ತದೆ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ರಗಳೆ ಕಡಿಮೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮಾತ್ರ ಗುಂಯ್ ಎಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ. ಸದ್ದು ಶುದ್ಧವಾದರೆ ಮನೆಯ ಅರ್ಥಿಂಗ್ ತೋರಿಸಿ. ಅರ್ಥ್ ಪಿನ್ ಕತ್ತರಿಸುವ ಉಪಾಯವನ್ನು ಯಾರೇ ಹೇಳಿದರೂ ಕೇಳಬೇಡಿ.

ಇನ್ನು ಎಲ್ಲೂ ಹಸಿರು ಕುಣಿಯದ ಕೇಸು. ಇದು ಸಾಫ್ಟ್‌ವೇರಿನ ತಂಟೆ. ಗಡಿಯಾರದ ಪಕ್ಕದ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ವಾಲ್ಯೂಮ್ ಮಿಕ್ಸರ್ ನೋಡಿ. ಒಂದು ಆ್ಯಪಿನದು ಮಾತ್ರ ಸೊನ್ನೆಗೆ ಇಳಿದಿರಬಹುದು. ಬ್ರೌಸರ್ ಟ್ಯಾಬ್ ಮ್ಯೂಟ್ ಆಗಿರಬಹುದು. ಯಾವುದೂ ಅಲ್ಲವಾದರೆ ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಹುಡುಕಿ, ಅಲ್ಲಿ ವಿಂಡೋಸ್ ಆಡಿಯೋ ಎಂಬುದನ್ನು ಮಾತ್ರ ರೀಸ್ಟಾರ್ಟ್ ಮಾಡಿ. ಸದ್ದು ಬಂದರೆ ವೈರಿನ ತಪ್ಪಲ್ಲ ಎಂದು ಖಾತ್ರಿಯಾಯಿತು.

"ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದ್ರೂ ಹಾಗೇ ಇದೆ, ರೀಸ್ಟಾರ್ಟ್ ಕೊಟ್ರೆ ಸರಿಹೋಗುತ್ತೆ" ಎಂದು ಕೆಲವರು ಅಚ್ಚರಿಪಡುತ್ತಾರೆ. ಅದಕ್ಕೆ ಕಾರಣ ಇದೆ. 2012ರಲ್ಲಿ ವಿಂಡೋಸ್ 8 ಜೊತೆ ಫಾಸ್ಟ್ ಸ್ಟಾರ್ಟಪ್ ಬಂತು. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಡ್ರೈವರುಗಳ, ಅಂದರೆ ಸೌಂಡ್ ಚಿಪ್ಪಿನಂಥ ಭಾಗಗಳನ್ನು ನಡೆಸುವ ಪುಟ್ಟ ಪ್ರೋಗ್ರಾಂಗಳ, ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ರಾತ್ರಿ ಮುನಿಸಿಕೊಂಡ ಡ್ರೈವರ್ ಬೆಳಿಗ್ಗೆಯೂ ಮುನಿಸಲ್ಲೇ ಏಳುತ್ತದೆ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಶುರು ಮಾಡುತ್ತದೆ. ಸೌಂಡ್ ಪದೇ ಪದೇ ಹೋಗುವ ಯಂತ್ರದಲ್ಲಿ ನಾನು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡುತ್ತೇನೆ. ಆನ್ ಆಗಲು ಕೆಲವು ಸೆಕೆಂಡ್ ತಡವಾಗಬಹುದು, ಅಷ್ಟೇ ಅಲ್ವಾ?

ಡ್ರೈವರ್ ಮೇಲೆ ಅನುಮಾನ ಬಂದರೆ ಸುಮ್ನೆ ಹೊಸದನ್ನು ಹಾಕಲು ಓಡಬೇಡಿ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿ. ದಿನದಿನದ ಪಟ್ಟಿ ಬರುತ್ತದೆ, ಯಾವತ್ತು ಯಾವ ಅಪ್‌ಡೇಟ್ ಬಂತು, ಯಾವುದು ಕುಸಿಯಿತು ಎಲ್ಲ ಇರುತ್ತದೆ. ಸೌಂಡ್ ಕೈಕೊಡಲು ಶುರುವಾದ ದಿನಕ್ಕೂ ಅದಕ್ಕೂ ತಾಳೆ ನೋಡಿ. ತಾಳೆಯಾದರೆ ಸ್ಟಾರ್ಟ್ ಮೆನುವಿನಲ್ಲಿ ಡಿವೈಸ್ ಮ್ಯಾನೇಜರ್ ಹುಡುಕಿ, ಅಲ್ಲಿ ಆ ಡ್ರೈವರನ್ನು ರೋಲ್ ಬ್ಯಾಕ್ ಮಾಡಿ, ಅಂದರೆ ಹಿಂದಿನದಕ್ಕೇ ಮರಳಿಸಿ. ಆ ಬಟನ್ ಮಸುಕಾಗಿದ್ದರೆ ವಿಂಡೋಸ್ ಜೊತೆಗೇ ಬರುವ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ಸಾದಾ ಡ್ರೈವರಿನಲ್ಲಿ ಕೆಲವು ದಿನ ಓಡಿಸಿ ನೋಡಿ. ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್ಕಿಗೆ ಹೊಸದು ಮಾಡುತ್ತೇವೆ ಅನ್ನುವ ಸಾಫ್ಟ್‌ವೇರುಗಳನ್ನು ನಾನು ನಂಬುವುದಿಲ್ಲ. ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ಮಾಡಿದವರ ಸೈಟಿನಲ್ಲಿರುವುದೇ ಸಾಕು.

ಸದ್ದು ಪೂರ್ತಿ ಹೋಗದೆ ಚಟಪಟ ಎನ್ನುವುದು ಬೇರೆ ಜಾತಿಯ ರೋಗ. ವಿಂಡೋಸ್ ಸಾಮಾನ್ಯವಾಗಿ ಸದ್ದನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ ಕಳಿಸುತ್ತದೆ. ಬೇರೆ ಯಾವುದೋ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡು ತುಂಡು ತಡವಾದರೆ ಟಕ್ ಎನ್ನುತ್ತದೆ. ಆಗ ಸೌಂಡ್ ಡ್ರೈವರನ್ನು ಬೈದು ಪ್ರಯೋಜನವಿಲ್ಲ. ವೈಫೈ ಆಫ್ ಮಾಡಿ ಕೇಳಿ. ಲೇಟೆನ್ಸಿಮಾನ್ ಎಂಬ ಪ್ರೋಗ್ರಾಂ ಓಡಿಸಿದರೆ ತಡ ಮಾಡುವ ಡ್ರೈವರಿನ ಹೆಸರನ್ನೇ ಹೇಳುತ್ತದೆ. ಯುಎಸ್‌ಬಿ ಸ್ಪೀಕರ್ ಆಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟಿಗೆ ಹೋಗಿ, ವಿದ್ಯುತ್ ಉಳಿಸಲು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ.

ಮೀಟಿಂಗ್ ಶುರುವಾದ ಕೂಡಲೇ ಹಾಡು ಪಾತಾಳಕ್ಕೆ ಇಳಿದರೆ ಅದು ಕೆಟ್ಟದ್ದಲ್ಲ, ವಿಂಡೋಸಿನ ಅಭ್ಯಾಸ. ಕರೆ ಬಂದಾಗ ಉಳಿದ ಸದ್ದನ್ನು ಶೇ. 80ರಷ್ಟು ತಗ್ಗಿಸುವುದು ಅದರ ಮಾಮೂಲಿ ಸೆಟ್ಟಿಂಗ್. ಅದೇ ಹಳೇ ವಿಂಡೋದ ಕಮ್ಯುನಿಕೇಷನ್ಸ್ ಟ್ಯಾಬಿನಲ್ಲಿ ಡೂ ನಥಿಂಗ್ ಆರಿಸಿ. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಮಾತಾಡುವಾಗ ಸದ್ದು ಹಳೇ ಲ್ಯಾಂಡ್‌ಲೈನಿನಂತೆ ಕೇಳಿಸಿದರೆ, ಮೈಕ್ ಆನ್ ಆದ ಕೂಡಲೇ ಅದು ಹ್ಯಾಂಡ್ಸ್ ಫ್ರೀ ಪದ್ಧತಿಗೆ ಇಳಿದಿದೆ. ಮೀಟಿಂಗ್ ಆ್ಯಪಿನಲ್ಲಿ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಳ್ಳಿ, ಸದ್ದು ಮತ್ತೆ ಅರಳುತ್ತದೆ. ಕಡಿದು ಕಡಿದು ಬಂದರೆ ಪಕ್ಕದ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ದೂರ ಇಡಿ. ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸಿನಲ್ಲಿ ಅದೂ ಗಲಾಟೆ ಎಬ್ಬಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಅನುಮಾನ ಬಗೆಹರಿಯದಿದ್ದರೆ ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ. ನನ್ನ ಬ್ಯಾಗಿನಲ್ಲಿ ಅದು ಯಾವಾಗಲೂ ಇರುತ್ತದೆ. ಅದಕ್ಕೆ ಸ್ಪೀಕರ್ ಜೋಡಿಸಿ ಕೆಲವು ದಿನ ಬಳಸಿ. ತೊಂದರೆ ಮತ್ತೆ ಬಂದರೆ ಸ್ಪೀಕರ್ ಅಥವಾ ವಿಂಡೋಸ್ ಕಡೆ ನೋಡಿ. ಬರಲಿಲ್ಲವೆಂದರೆ ಬೋರ್ಡಿನ ಚಿಪ್ಪು, ಜಾಕು ಅಥವಾ ಅದರ ಡ್ರೈವರ್. ಆಗ ಯಾರಾದರೂ ಮದರ್‌ಬೋರ್ಡ್ ಬದಲಾಯಿಸಿ ಎಂದರೆ ಒಪ್ಪಬೇಡಿ. ಆ ಕಾರ್ಡನ್ನೇ ಕ್ಯಾಬಿನೆಟ್ಟಿನ ಹಿಂದಿನ ಪೋರ್ಟಿಗೆ ಹಾಕಿ, ಬೋರ್ಡಿನ ಸೌಂಡನ್ನು ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗಿನಲ್ಲಿ, ಆಫ್ ಮಾಡಿಬಿಡಿ. ಮುಂದಿನ ಪೋರ್ಟಿಗೆ ಬೇಡ, ಕಾಲು ತಾಗುತ್ತದೆ.