ಕುಡಿದವರ ಲೆಕ್ಕ, ಪೊಲೀಸರ ಲೆಕ್ಕ

ನೆದರ್‌ಲ್ಯಾಂಡ್ಸ್‌ನ ಹೆದ್ದಾರಿಯಲ್ಲಿ ಒಂದು ಕಾರು ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಅಕ್ಕಪಕ್ಕ ಮಾಮೂಲಿ ವಾಹನಗಳು. ಈ ಕಾರು ಓಡಿಸುತ್ತಿರುವವರು ಮಾತ್ರ ಹಿಂದಿನ ರಾತ್ರಿ ನಿದ್ದೆ ಮಾತ್ರೆ ನುಂಗಿದ್ದಾರೆ, ಅದೂ ಸಂಶೋಧಕರೇ ಕೈಯಾರೆ ಕೊಟ್ಟಿದ್ದು. ಗಾಬರಿ ಬೇಡ. ಪಕ್ಕದ ಸೀಟಿನಲ್ಲಿ ಡ್ರೈವಿಂಗ್ ಕಲಿಸುವ ಮೇಷ್ಟ್ರು ಕೂತಿದ್ದಾರೆ, ಅವರ ಕಾಲಬುಡದಲ್ಲೂ ಒಂದು ಬ್ರೇಕ್ ಇದೆ. ಕಾರಿನ ಮೇಲೊಂದು ಕ್ಯಾಮೆರಾ. ಅದಕ್ಕೆ ಡ್ರೈವರ್‌ನ ಮುಖ ಬೇಕಾಗಿಲ್ಲ, ಟ್ರಾಫಿಕ್ಕೂ ಬೇಕಾಗಿಲ್ಲ. ರಸ್ತೆಯ ಬಿಳಿ ಗೆರೆಗೂ ಕಾರಿಗೂ ಎಷ್ಟು ಅಂತರ ಅನ್ನುವುದನ್ನು ಮಾತ್ರ ಎಡೆಬಿಡದೆ ಬರೆದುಕೊಳ್ಳುತ್ತದೆ. ಸುಮಾರು 100 ಕಿಲೋಮೀಟರ್, ಸುಮಾರು ಒಂದು ಗಂಟೆ. ಇನ್ನೊಂದು ದಿನ ಅದೇ ವ್ಯಕ್ತಿಗೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟು ಮತ್ತೆ ಓಡಿಸುತ್ತಾರೆ. ಯಾವ ದಿನ ಯಾವುದನ್ನು ನುಂಗಿದ್ದು ಅಂತ ಅವರಿಗೆ ಹೇಳಿರುವುದಿಲ್ಲ.

1980ರ ದಶಕದಲ್ಲಿ ಜೇಮ್ಸ್ ಓಹ್ಯಾನ್ಲನ್ ಮತ್ತು ಜೊತೆಗಾರರು ಕಟ್ಟಿದ ಪರೀಕ್ಷೆ ಇದು. ಅಳೆಯುವುದು ಕಾರಿನ ಓಲಾಟವನ್ನು. ತೊಟ್ಟೂ ಕುಡಿಯದವರು ಓಡಿಸಿದರೂ ಕಾರು ಕೊಂಚ ಅತ್ತಿತ್ತ ಓಲಾಡುತ್ತದೆ. ಆ ಓಲಾಟ 20 ಸೆಂಟಿಮೀಟರ್ ಆಸುಪಾಸು. ಇದೇ ಅಳತೆಯನ್ನು ಕುಡಿದವರ ಮೇಲೂ ಮಾಡಿದರು. 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದಾಗ ಓಲಾಟ ಎಷ್ಟು ಜಾಸ್ತಿಯಾಯಿತು ಗೊತ್ತಾ? 2.4 ಸೆಂಟಿಮೀಟರ್. ಅಷ್ಟೇ.

ಇಷ್ಟು ಸಣ್ಣ ವ್ಯತ್ಯಾಸ ಸ್ಟೀರಿಂಗ್ ಹಿಡಿದವರ ಗಮನಕ್ಕೆ ಬರುವುದೇ ಇಲ್ಲ. "ನಂಗೇನೂ ಆಗಿಲ್ಲ, ಆರಾಮಾಗಿ ಓಡಿಸ್ತೀನಿ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಹಾಗೇ ಅನಿಸುತ್ತದೆ. ಒಬ್ಬರ ಕಾರಿನಲ್ಲಿ ಲೆಕ್ಕಕ್ಕೇ ಇಲ್ಲದ ಈ ಎರಡು ಚಿಲ್ಲರೆ ಸೆಂಟಿಮೀಟರ್, ಲಕ್ಷಾಂತರ ಕಾರುಗಳಿಗೆ ಸೇರಿದಾಗ ಅಪಘಾತದ ಅಂಕಿಯಲ್ಲಿ ಕಾಣುತ್ತದೆ.

ಮದ್ಯದ ಈ ಅಳತೆಯನ್ನೇ ತಕ್ಕಡಿಯ ತೂಕದ ಬಟ್ಟಿನ ಹಾಗೆ ಇಟ್ಟುಕೊಂಡು ಸಂಶೋಧಕರು ಮಾತ್ರೆಗಳನ್ನೂ ತೂಗಿದರು. ರಾತ್ರಿ ನುಂಗಿದ ಕೆಲವು ನಿದ್ದೆ ಮಾತ್ರೆಗಳು ಮರುದಿನ ಬೆಳಗ್ಗೆಯೂ 2.4 ಸೆಂಟಿಮೀಟರ್ ದಾಟಿಸಿದವು. ಜೋಲ್ಪಿಡೆಮ್ ಅನ್ನುವ ಮಾತ್ರೆಯಂತೂ ಹೆಂಗಸರ ಮೈಯಿಂದ ನಿಧಾನಕ್ಕೆ ಇಳಿಯುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಬೆಳಗಿನ ಡ್ರೈವಿಂಗಿಗೆ ಅಪಾಯ ಅಂತಲೇ, ಹೆಂಗಸರಿಗೆ ಅದರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಲು ಹೇಳಿತು. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಹಳೇ ಕಾಲದ ನೆಗಡಿ ಮಾತ್ರೆಗಳೂ ಸಾಧು ಪ್ರಾಣಿಗಳಲ್ಲ. ಅದನ್ನು ನುಂಗಿ ಬೈಕ್ ಹತ್ತುವವರನ್ನು ಯಾವ ಪೊಲೀಸರೂ ಊದಿಸಿ ಹಿಡಿಯಲಾರರು.

ಊದುವ ವಿಷಯಕ್ಕೆ ಬರೋಣ. ಎಷ್ಟು ಕುಡಿದರೆ ರಕ್ತದಲ್ಲಿ ಎಷ್ಟಿರುತ್ತದೆ ಅನ್ನುವ ಲೆಕ್ಕ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಅವರದು. 1932ರಲ್ಲೇ ಅವರು ಅದನ್ನು ಪುಸ್ತಕವಾಗಿ ಪ್ರಕಟಿಸಿದ್ದರು. ನಮ್ಮ ಬಾರುಗಳ ಭಾಷೆಯಲ್ಲೇ ನೋಡೋಣ. ಒಂದು ಸಿಕ್ಸ್ಟಿ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕಿಲೋ ತೂಗುವ ಗಂಡಸು ಖಾಲಿ ಹೊಟ್ಟೆಯಲ್ಲಿ ಅದನ್ನು ಬೇಗ ಮುಗಿಸಿದರೆ, ವಿಡ್‌ಮಾರ್ಕ್ ಲೆಕ್ಕದಲ್ಲಿ 100 ಮಿಲಿಲೀಟರ್ ರಕ್ತಕ್ಕೆ 40 ಮಿಲಿಗ್ರಾಂ ದಾಟುತ್ತದೆ. ಅಷ್ಟೇ ತೂಕದ ಹೆಂಗಸಾದರೆ 50 ದಾಟುತ್ತದೆ. ಅವರ ಮೈಯಲ್ಲಿ ನೀರಿನ ಪಾಲು ಕಮ್ಮಿ, ಆಲ್ಕೋಹಾಲ್ ಹರಡಿಕೊಳ್ಳಲು ಜಾಗವೂ ಕಮ್ಮಿ. ಭಾರತದ ಮಿತಿ 30. ಇಂಗ್ಲೆಂಡಿನದು 80. ಊಟದ ಜೊತೆ ನಿಧಾನಕ್ಕೆ ಕುಡಿದರೆ ಅಂಕಿ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಒಳಗೆ ಹೋದ ಮೇಲೆ ಅದು ಇಳಿಯುವುದು ಗಂಟೆಗೆ ಸುಮಾರು 15ರ ಲೆಕ್ಕದಲ್ಲಿ. ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದಕ್ಕೂ ಅದು ಜಗ್ಗುವುದಿಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿದವರು ಬೆಳಗ್ಗೆ 5ಕ್ಕೆ ಊರಿಗೆ ಹೊರಟರೆ ಇನ್ನೂ ಮಿತಿಯ ಮೇಲೇ ಇರಬಹುದು.

ಇನ್ನು ಏಲಕ್ಕಿ, ಎಲೆಯಡಿಕೆ, ಪುದೀನ. ಇವೆಲ್ಲ ಪೊಲೀಸರ ಮೂಗಿಗೆ ಸರಿ, ಯಂತ್ರಕ್ಕಲ್ಲ. ಯಂತ್ರ ಹುಡುಕುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದ ತಳದಿಂದ ಬರುವ ಗಾಳಿಯನ್ನು. ಅಲ್ಲಿ ರಕ್ತದ ಆಲ್ಕೋಹಾಲ್ ಆವಿಯಾಗಿ ಗಾಳಿಗೆ ಸೇರುತ್ತದೆ. 2,100 ಮಿಲಿಲೀಟರ್ ಉಸಿರಿನಲ್ಲಿ ಇರುವಷ್ಟೇ ಆಲ್ಕೋಹಾಲ್ 1 ಮಿಲಿಲೀಟರ್ ರಕ್ತದಲ್ಲಿ ಇರುತ್ತದೆ ಅಂತ ಲೆಕ್ಕ. ಅದಕ್ಕೇ "ಊದಿ, ಊದಿ, ಇನ್ನೂ ಊದಿ" ಅನ್ನುವುದು. ಕೊನೆಗೆ ಬರುವ ಗಾಳಿಯೇ ಬೇಕು.

ಪೊಲೀಸರು ಸಲೀಸಾಗಿ ಬಳಸಬಹುದಾದ ಇಂಥ ಯಂತ್ರವನ್ನು 1954ರಲ್ಲಿ ಮಾಡಿದವರು ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್. ಫೋಟೋಗ್ರಫಿಯಿಂದ ಇಂಡಿಯಾನಾ ಪೊಲೀಸ್ ಪ್ರಯೋಗಾಲಯಕ್ಕೆ ಬಂದವರು. ಯಂತ್ರಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ. ಅಪಘಾತ ಮಾಡಿದವರಲ್ಲಿ ಇಷ್ಟು ಜನ ಕುಡಿದಿದ್ದರು ಅಂದರೆ ಏನೂ ಹೇಳಿದಂತಾಗಲಿಲ್ಲ. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅಪಘಾತ ಮಾಡದೆ ಹೋದವರಲ್ಲಿ ಎಷ್ಟು ಜನ ಕುಡಿದಿದ್ದರು? ಅದು ಗೊತ್ತಾಗಬೇಕಲ್ವಾ? 1962–63ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಅವರ ತಂಡ ಅಪಘಾತವಾದ ಸುಮಾರು 6 ಸಾವಿರ ಡ್ರೈವರುಗಳ ಜೊತೆಗೆ, ಸುಮ್ನೆ ರಸ್ತೆಯಲ್ಲಿ ಹೋಗುತ್ತಿದ್ದ ಏಳೂವರೆ ಸಾವಿರ ಜನರನ್ನೂ ನಿಲ್ಲಿಸಿ ಊದಿಸಿತು.

ಅಂಕಿಗಳಲ್ಲಿ ಒಂದು ತಮಾಷೆ ಕಂಡಿತು. ಸ್ವಲ್ಪವೇ ಕುಡಿದವರು ಕುಡಿಯದವರಿಗಿಂತ ಕಮ್ಮಿ ಅಪಘಾತ ಮಾಡಿದ್ದರು! ಕುಡುಕರಿಗೆ ಹಬ್ಬ. ಆದರೆ ಕುಡಿಯದವರ ಗುಂಪಿನಲ್ಲಿ ಹೊಸದಾಗಿ ಡ್ರೈವಿಂಗ್ ಕಲಿತ ಹುಡುಗರು, ವಯಸ್ಸಾದವರು ಜಾಸ್ತಿ. ಇವರು ಕುಡಿಯದಿದ್ದರೂ ಅಪಘಾತ ಹೆಚ್ಚು. ದಿನಾ ಕುಡಿಯುವವರನ್ನು ದಿನಾ ಕುಡಿಯುವವರ ಜೊತೆ, ಅಪರೂಪಕ್ಕೆ ಕುಡಿಯುವವರನ್ನು ಅಂಥವರ ಜೊತೆಗೇ ಹೋಲಿಸಿ ನೋಡಿದಾಗ ಆ ತಮಾಷೆ ಮಾಯವಾಯಿತು. ಪ್ರತಿ ಗುಂಪಿನಲ್ಲೂ ಕುಡಿತ ಏರಿದಂತೆ ಅಪಾಯ ಏರಿತ್ತು.

ಗಾಂಜಾ ಮಾತ್ರ ಇಂಥ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಅಮಲಿನ ಅಂಶ ರಕ್ತದಿಂದ ಬೇಗ ಕೊಬ್ಬಿಗೆ ಇಳಿದುಬಿಡುತ್ತದೆ. ಅಮಲು ಇರುವಾಗಲೇ ರಕ್ತದ ಅಂಕಿ ಬಿದ್ದಿರುತ್ತದೆ. ದಿನಾ ಸೇದುವವರಲ್ಲಿ ಅಮಲು ಇಳಿದ ಎಷ್ಟೋ ದಿನಗಳ ಮೇಲೂ ಅಂಶ ಸಿಗುತ್ತದೆ. ಹಾಗಾಗಿ ರಕ್ತದ ಒಂದು ಅಂಕಿ ಹಿಡಿದು "ಇದು ಮಿತಿ" ಅನ್ನಲು ವಿಜ್ಞಾನ ಒಪ್ಪುತ್ತಿಲ್ಲ.

ಇಷ್ಟೆಲ್ಲ ಅಳೆದ ಮೇಲೂ ಜನ ಕುಡಿದು ಗಾಡಿ ಹತ್ತುತ್ತಾರೆ. ತಮ್ಮ ಕೈ ಎಷ್ಟು ತಪ್ಪುತ್ತಿದೆ ಅಂತ ಅಳೆಯಲಾಗದವರು, ಪೊಲೀಸರಿಗೆ ಸಿಕ್ಕಿಬೀಳುತ್ತೇವಾ ಅನ್ನುವುದನ್ನು ಮಾತ್ರ ಚೆನ್ನಾಗಿ ಅಳೆಯುತ್ತಾರೆ. ಬ್ರಿಟನ್ನಿನಲ್ಲಿ 1967ರಲ್ಲಿ ಊದುವ ಕಾನೂನು ಬಂದ ಹೊಸದರಲ್ಲಿ ರಾತ್ರಿ ಅಪಘಾತಗಳು ಧಡ್ ಅಂತ ಇಳಿದವು. ಕೆಲವು ವರ್ಷಗಳಲ್ಲಿ ಮತ್ತೆ ಏರಿದವು. ಲಾರೆನ್ಸ್ ರಾಸ್ ಅನ್ನುವ ಸಮಾಜಶಾಸ್ತ್ರಜ್ಞರು ಕಾರಣ ಹೇಳಿದರು: ಸಿಕ್ಕಿಬೀಳುವ ಸಾಧ್ಯತೆ ತಾವು ಹೆದರಿದಷ್ಟು ಇಲ್ಲ ಅಂತ ಜನ ಕಲಿತುಕೊಂಡರು.

ಈ ಕಲಿಕೆಯನ್ನೇ ಕೆಡಿಸಿದರೆ? ರಾಜಸ್ಥಾನದ ಪೊಲೀಸರ ಜೊತೆ 2010–11ರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಡೇನಿಯಲ್ ಕೆನಿಸ್ಟನ್ ಮತ್ತು ಐಪಿಎಸ್ ಅಧಿಕಾರಿ ನೀನಾ ಸಿಂಗ್ ಇದನ್ನೇ ಪರೀಕ್ಷೆ ಮಾಡಿದರು. ಕೆಲವು ಠಾಣೆಗಳು ಎಲ್ಲಕ್ಕಿಂತ ಒಳ್ಳೆಯ ಜಾಗ ಅನಿಸಿದ ಒಂದೇ ಕಡೆ ತಪಾಸಣೆ ಮಾಡಬೇಕು. ಇನ್ನು ಕೆಲವು ಮೂರು ಜಾಗಗಳನ್ನು ಆರಿಸಿಕೊಂಡು ಅದಲು ಬದಲು ಮಾಡುತ್ತಿರಬೇಕು. ಯಾವ ಠಾಣೆಗೆ ಯಾವುದು ಅನ್ನುವುದು ಚೀಟಿ ಎತ್ತಿದಂತೆ. ಮೇಲುನೋಟಕ್ಕೆ ಮೊದಲನೆಯದೇ ಸರಿ ಅನಿಸುತ್ತದೆ: ಅತಿ ಹೆಚ್ಚು ಕುಡುಕರು ಹಾದುಹೋಗುವ ಜಾಗ ಬಿಟ್ಟು ಬೇರೆಡೆ ಯಾಕೆ ನಿಲ್ಲಬೇಕು?

ಫಲಿತಾಂಶ ಉಲ್ಟಾ. ಒಂದೇ ಜಾಗದ ತಪಾಸಣೆಯಿಂದ ಲೆಕ್ಕಕ್ಕೆ ಸಿಗುವಂಥ ಪರಿಣಾಮವೇ ಆಗಲಿಲ್ಲ. ಜಾಗ ಬದಲಿಸಿದ ಕಡೆ ರಾತ್ರಿ ಅಪಘಾತಗಳು ಶೇ. 17ರಷ್ಟು, ರಾತ್ರಿ ಸಾವುಗಳು ಶೇ. 25ರಷ್ಟು ಇಳಿದವು. ಆಗ ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹೆಚ್ಚೆಂದರೆ 2,000 ರೂಪಾಯಿ, ಈಗಿನ 10,000 ಅಲ್ಲ. ಬೆಂಗಳೂರಿನಲ್ಲಿ "ಆ ಫ್ಲೈಓವರ್ ಕೆಳಗೆ ಹಿಡೀತಿದ್ದಾರೆ, ಒಳಗಿನ ರಸ್ತೇಲಿ ಬಾ" ಅಂತ ಫೋನ್ ಮಾಡುವ ಗೆಳೆಯರಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗದಲ್ಲಿ ಪೊಲೀಸರ ಲೆಕ್ಕವೂ ಹೊರಬಿತ್ತು. ಈ ಕೆಲಸಕ್ಕೆ ಠಾಣೆಯ ಸಿಬ್ಬಂದಿಯ ಜೊತೆಗೆ, ಕೆಲವು ಕಡೆ ಪೊಲೀಸ್ ಲೈನಿನ, ಅಂದರೆ ಠಾಣೆ ಸಿಗದೆ ಬ್ಯಾರಕ್ಕಿನಲ್ಲಿರುವ, ಮೀಸಲು ಸಿಬ್ಬಂದಿಯನ್ನೂ ಹಾಕಿದ್ದರು. ಲೈನಿನಲ್ಲಿ ಕೊಳೆಯುವುದು ಯಾರಿಗೂ ಇಷ್ಟವಿಲ್ಲ. ಚೆನ್ನಾಗಿ ಕೆಲಸ ಮಾಡಿದರೆ ಠಾಣೆಗೆ ವರ್ಗ ಸಿಗಬಹುದು ಅಂತ ಅವರಿಗೆ ಹೇಳಿದ್ದರು. ವಾಹನಕ್ಕೆ ಜಿಪಿಎಸ್ ಕೂಡ ಇತ್ತು. ಹೇಳಿದ ರಾತ್ರಿ ಹೇಳಿದ ಜಾಗಕ್ಕೆ ಹೋಗಿ ನಿಂತವರಲ್ಲಿ ಈ ಲೈನಿನವರೇ ಮುಂದೆ. ಠಾಣೆಯವರಿಗೆ ಅಂಥ ಆಸೆಯೂ ಇರಲಿಲ್ಲ, ಬೇರೆ ಕೆಲಸಗಳೂ ಇದ್ದವು.