ಡ್ರಾಯರಿನೊಳಗಿನ ಕೋಲಾರ

ಹಳೆಯ ಡಬ್ಬಾ ಟಿವಿಯೊಳಗೆ ‘ರೆಡ್ ಮರ್ಕ್ಯುರಿ’ ಎಂಬ ಕೆಂಪು ಪಾದರಸ ಇದೆಯಂತೆ, ಬೆಳ್ಳುಳ್ಳಿ ಹಿಡಿದರೆ ದೂರ ಸರಿಯುತ್ತದಂತೆ, ಚಿನ್ನ ತೋರಿಸಿದರೆ ಹತ್ತಿರ ಬರುತ್ತದಂತೆ, ಕೋಟಿ ಬಾಳುತ್ತದಂತೆ. ಇಂಥ ವಾಟ್ಸ್ಆ್ಯಪ್ ವಿಡಿಯೊ ನಿಮಗೂ ಬಂದಿರಬಹುದು. ಅಂಥ ವಸ್ತುವೇ ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹೊಲಿಗೆ ಯಂತ್ರಕ್ಕೆ ಅಂಟಿಕೊಂಡಿತು. ಹಳೆಯ ಸಿಂಗರ್ ಮಷೀನುಗಳಿಗೆ ಜನ ಮುಗಿಬಿದ್ದರು. ಟಿವಿ ಒಡೆದವರಿಗೆ ನಿಜಕ್ಕೂ ಸಿಗುವುದು ಸೀಸ. ದೊಡ್ಡ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಅದು ಕಿಲೋಗೂ ಮೀರಿ ಇರುತ್ತದೆ.

ಇಲ್ಲದ ಪಾದರಸವನ್ನು ಹುಡುಕುವ ನಾವು, ಹಳೆಯ ಮೊಬೈಲುಗಳೊಳಗೆ ಇರುವ ಚಿನ್ನವನ್ನು ಮೇಜಿನ ಡ್ರಾಯರಿನಲ್ಲಿ ಮರೆತುಬಿಟ್ಟಿದ್ದೇವೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಬಂಡೆ ಒಡೆದು ತಂದರೂ ಕೊನೆಗಾಲದಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು 3-4 ಗ್ರಾಂ ಚಿನ್ನ. ಬ್ಯಾಟರಿ ತೆಗೆದ ಒಂದು ಟನ್ ಮೊಬೈಲುಗಳಲ್ಲಿ ಇರುವುದು ಸುಮಾರು 300 ಗ್ರಾಂ! ಟೋಕಿಯೊ ಒಲಿಂಪಿಕ್ಸಿಗೆ ಜಪಾನಿನ ಜನ ಸುಮಾರು 62 ಲಕ್ಷ ಹಳೆಯ ಮೊಬೈಲುಗಳನ್ನೂ ಬೇರೆ ಸಣ್ಣಪುಟ್ಟ ಉಪಕರಣಗಳನ್ನೂ ಕೊಟ್ಟರು. ಅದರಿಂದ ತೆಗೆದ 32 ಕಿಲೋ ಚಿನ್ನ ಪದಕಗಳಿಗೆ ಸಾಕಾಯಿತು.

ಹಾಗಾದರೆ ಮನೆಯಲ್ಲೇ ತೆಗೆಯಬಾರದೇಕೆ? ಇದಕ್ಕೆ ಉತ್ತರ ರಸಾಯನಶಾಸ್ತ್ರದ ಒಂದು ಸೊಗಸಾದ ಜೋಡಿಯಾಟದಲ್ಲಿದೆ. ನೈಟ್ರಿಕ್ ಆಮ್ಲ ಒಂದಕ್ಕೇ ಚಿನ್ನ ಕರಗದು, ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಕರಗದು. ಎರಡನ್ನೂ 1:3ರಲ್ಲಿ ಬೆರೆಸಿದ ರಾಜದ್ರವಕ್ಕೆ ಕರಗುತ್ತದೆ. ನೈಟ್ರಿಕ್ ಆಮ್ಲ ಚಿನ್ನದ ಪರಮಾಣುವಿನಿಂದ ಮೂರು ಎಲೆಕ್ಟ್ರಾನ್ ಕಿತ್ತುಕೊಳ್ಳಬಲ್ಲದು, ಆದರೆ ತೀರಾ ಕೆಲವೇ ಪರಮಾಣುಗಳಿಂದ. ಕಿತ್ತ ಪರಮಾಣು ಮತ್ತೆ ಎಲೆಕ್ಟ್ರಾನ್ ಗಿಟ್ಟಿಸಿಕೊಂಡು ಲೋಹಕ್ಕೇ ಮರಳುತ್ತದೆ. ಬಾವಿಯಿಂದ ನೀರು ಸೇದುವವನಿದ್ದಾನೆ, ಹಿಡಿಯಲು ಕೊಡವಿಲ್ಲ. ಸೇದಿದ್ದೆಲ್ಲ ಬಾವಿಗೇ ಬೀಳುತ್ತದೆ. ಆ ಕೊಡವೇ ಹೈಡ್ರೋಕ್ಲೋರಿಕ್ ಆಮ್ಲ ಒದಗಿಸುವ ಕ್ಲೋರೈಡ್. ಇನ್ನೂ ಸರಿಯಾಗಿ ಹೇಳಬೇಕೆಂದರೆ ಇದು ಕಬಡ್ಡಿ: ಗೆರೆ ದಾಟಿ ಬಂದ ಚಿನ್ನದ ಅಯಾನನ್ನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವನ್ನು) ನಾಲ್ಕು ಕ್ಲೋರೈಡ್‌ಗಳು ಸುತ್ತುವರಿದು ಹಿಡಿಯುತ್ತವೆ, ವಾಪಸು ಗೆರೆ ಮುಟ್ಟಲು ಬಿಡುವುದಿಲ್ಲ. ಒಬ್ಬೊಬ್ಬರೇ ಸಿಕ್ಕಿಬಿದ್ದಂತೆ ಲೋಹದ ಕಡೆ ಖಾಲಿಯಾಗುತ್ತದೆ.

1940ರಲ್ಲಿ ಜರ್ಮನ್ ಸೈನ್ಯ ಕೋಪನ್‌ಹೇಗನ್ ಹೊಕ್ಕಾಗ ನೀಲ್ಸ್ ಬೋರ್ ಸಂಸ್ಥೆಯಲ್ಲಿ ಜರ್ಮನ್ ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲೌವೆ ಮತ್ತು ಜೇಮ್ಸ್ ಫ್ರಾಂಕ್ ಅವರ ಚಿನ್ನದ ನೊಬೆಲ್ ಪದಕಗಳಿದ್ದವು. ಜರ್ಮನಿಯಿಂದ ಚಿನ್ನ ಹೊರಗೆ ಕಳಿಸುವುದು ದೊಡ್ಡ ಅಪರಾಧವಾಗಿದ್ದ ಕಾಲ ಅದು. ಹೂತಿಡುವ ಯೋಚನೆ ಬೋರ್‌ಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿದ್ದ ರಸಾಯನವಿಜ್ಞಾನಿ ಜಾರ್ಜ್ ಡಿ ಹೆವೆಸಿ ಎರಡನ್ನೂ ರಾಜದ್ರವದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಆ ದ್ರಾವಣದಿಂದಲೇ ಚಿನ್ನವನ್ನು ಮರಳಿ ಪಡೆದು ಪದಕಗಳನ್ನು ಹೊಸದಾಗಿ ಅಚ್ಚು ಹಾಕಿಸಲಾಯಿತು. ಈ ಪ್ರಸಂಗ ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಹೆವೆಸಿಯ ಕೈಯಲ್ಲಿದ್ದದ್ದು ಪದಕ. ಗುಜರಿ ಶೆಡ್ಡಿನ ಬಕೆಟ್ಟಿಗೆ ಬೀಳುವುದು ತಾಮ್ರ, ಸೀಸ, ತವರ ಎಲ್ಲ ಕಲಸಿದ ಸರ್ಕ್ಯೂಟ್ ಬೋರ್ಡು. ಅಲ್ಲಿಂದ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಶ್ವಾಸಕೋಶದೊಳಗೆ ಅದು ಮತ್ತೆ ಆಮ್ಲವಾಗುತ್ತದೆ. ಉಳಿದ ದ್ರಾವಣ ಚರಂಡಿಗೆ ಹೋಗುತ್ತದೆ. ಇಷ್ಟೆಲ್ಲ ಮಾಡಿ ಒಂದು ಫೋನಿನಿಂದ ಸಿಗುವುದು ಗ್ರಾಮಿನ ಮೂವತ್ತನೇ ಒಂದು ಭಾಗದಷ್ಟು. ತಾಮ್ರಕ್ಕಾಗಿ ವೈರು ಸುಡುವುದು ಇದಕ್ಕಿಂತ ಕೆಟ್ಟದ್ದು: ಪಿವಿಸಿಯ ಕ್ಲೋರಿನ್ನಿನಿಂದ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುತ್ತದೆ, ಆ ತಾಮ್ರವೇ ಅದಕ್ಕೆ ವೇಗವರ್ಧಕವಾಗುತ್ತದೆ.

ಜಗತ್ತು 2022ರಲ್ಲಿ ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾದ ಮರುಬಳಕೆಗೆ ಹೋದ ಲೆಕ್ಕ ಸಿಗುವುದು ಅದರಲ್ಲಿ ಶೇ. 22.3ಕ್ಕೆ ಮಾತ್ರ. ನಮ್ಮ ದೇಶದ 2022ರ ಇ-ತ್ಯಾಜ್ಯ ನಿಯಮಗಳು ಮರುಬಳಕೆಗೆ ತಯಾರಕರನ್ನೇ ಹೊಣೆ ಮಾಡಿವೆ. ಡಾಬಸ್‌ಪೇಟೆಯಂಥ ಕಡೆ ಪರವಾನಗಿ ಪಡೆದ ಮರುಬಳಕೆ ಘಟಕಗಳಿವೆ, ಹಳೆಯ ಫೋನುಗಳು ಅಲ್ಲಿಗೇ ಹೋಗಲಿ. ಆದರೂ ಮರುಬಳಕೆ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಕುಲುಮೆಯಲ್ಲಿ ಚಿನ್ನ, ತಾಮ್ರ ಉಳಿಯುತ್ತವೆ. ಸ್ಪೀಕರಿನ ನಿಯೋಡಿಮಿಯಂ, ಕೆಪಾಸಿಟರಿನ ಟ್ಯಾಂಟಲಂ ಕಿಟ್ಟದ (ಕರಗಿಸಿದಾಗ ಉಳಿಯುವ ಕಸದ) ಜೊತೆ ಹೋಗಿಬಿಡುತ್ತವೆ. ಒಂದು ಫೋನಿನಿಂದ ಪರಿಸರಕ್ಕೆ ಬೀಳುವ ಹೊರೆಯ ಬಹುಪಾಲು ಅದು ನಮ್ಮ ಕೈಗೆ ಬರುವ ಮೊದಲೇ ಬಿದ್ದಾಗಿರುತ್ತದೆ. ಹೀಗಾಗಿ ಮೂರು ವರ್ಷ ಬಾಳುವ ಫೋನನ್ನು ಆರು ವರ್ಷ ಬಾಳಿಸುವುದೇ ದೊಡ್ಡ ಉಳಿತಾಯ.

ಹೆಚ್ಚಿನ ಸಲ ಸೋತಿರುವುದು ಫೋನಲ್ಲ, ಬ್ಯಾಟರಿ. ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಲಿಥಿಯಂ ಬ್ಯಾಟರಿಯ ಕಸುವು ಇಳಿಯುವುದು ಸಹಜ. ನನ್ನ ಫೋನಿಗೆ ಈಗ ಐದು ವರ್ಷ. ಕಳೆದ ವರ್ಷ ರಿಪೇರಿ ಅಂಗಡಿಯ ಹುಡುಗ ಬಿಸಿಗಾಳಿಯಿಂದ ಹಿಂಬದಿಯ ಗಾಜು ಬಿಡಿಸಿ, ಹೊಸ ಬ್ಯಾಟರಿ ಕೂರಿಸಿ ಅರ್ಧ ಗಂಟೆಯಲ್ಲಿ ಕೈಗಿತ್ತ. ಉಬ್ಬಿದ್ದ ಹಳೆಯದನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ ಎಂದು ಎರಡೆರಡು ಸಲ ಹೇಳಿ ತಾನೇ ಇಟ್ಟುಕೊಂಡ.